ಕುರಿಗೇನು ಗೊತ್ತು?

ಉಗಾದಿಗೆ ಊರಿಗೆ ಹೋಗಿದ್ದೆವು. ನಮ್ಮೂರು ಅಂದರೆ ಚಳ್ಳಕೆರೆ ತಾಲ್ಲೂಕಿನಲ್ಲಿ, ಉಳ್ಳಾರ್ತಿ ಕಾವಲ್‌ನ ಅಂಚಿಗೆ ಅಂಟಿಕೊಂಡಿರುವ ಒಂದು ಹಟ್ಟಿ. ಅಣ್ಣ ಅಲ್ಲೇ ಇದ್ದಾನೆ. ಸ್ವಲ್ಪ ಶೇಂಗಾ ಹೊಲ, ಒಂದು ರೊಪ್ಪ ಕುರಿ. ನಾನು ಬೆಂಗಳೂರಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಬದುಕುವವನು. ವರ್ಷಕ್ಕೆ ಎರಡು ಸಲ, ಉಗಾದಿ ಮತ್ತು ದೀಪಾವಳಿಗೆ, ಹಿರಿಯೂರು ದಾಟಿ ಕಾರು ಬಯಲಿಗೆ ಬಿದ್ದ ಮೇಲೆ ನನ್ನ ಭಾಷೆ ತಾನಾಗಿಯೇ ಬದಲಾಗುತ್ತದೆ. ‘ಇದೆ’ ಹೋಗಿ ‘ಐತೆ’ ಬರುತ್ತದೆ. ಹಿಂದಿನ ಸೀಟಿನಲ್ಲಿ ಮಗ ನಗುತ್ತಾನೆ.

ಹಬ್ಬದ ಮಾರನೇ ದಿನ, ವರ್ಷತೊಡಕಿನ ಬೆಳಗ್ಗೆ, ಎಲ್ಲರೂ ಸೇರಿದ್ದಾಗ ಒಂದು ಫೋಟೋ ತೆಗೆಯೋಣ ಅಂತ ನಾನೇ ಹೊರಡಿಸಿದೆ. ಅಂಗಳದಲ್ಲಿ ಅವ್ವ ಕುರ್ಚಿಯಲ್ಲಿ, ಹಿಂದೆ ದೊಡ್ಡವರು, ಮುಂದೆ ಮಕ್ಕಳು. ಫೋನ್ ಹಿಡಿದಿದ್ದ ನೆಂಟರ ಹುಡುಗ “ಎಲ್ರೂ ನಗ್ರಿ” ಅಂದ. ಎಲ್ಲರೂ ನಕ್ಕರು. ಅಣ್ಣನ ಮಗಳೂ ನಕ್ಕಳು. ಅವಳಿಗೆ 11 ವರ್ಷ. ಪಕ್ಕದಲ್ಲಿ ನಿಂತಿದ್ದ ನನ್ನ ಮಗ, 6 ವರ್ಷದವನು, ತಲೆ ಎತ್ತಿ ಅವಳ ಬಾಯಿಯನ್ನೇ ನೋಡಿ ಜೋರಾಗಿ ಕೇಳಿದ:

“ಅಕ್ಕ, ನೀನು ಹಲ್ಲುಜ್ಜೋದೇ ಇಲ್ವಾ? ಯಾಕೆ ಇಷ್ಟು ಗಲೀಜು?”

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಸಾಲಿನಲ್ಲಿದ್ದ ಮಾವ ಒಬ್ಬರು ಫಕ್ಕನೆ ನಕ್ಕುಬಿಟ್ಟರು. ಅವರ ನಗು ನೋಡಿ ಇನ್ನಿಬ್ಬರು ನಕ್ಕರು. ಹುಡುಗಿ ಬಾಯಿ ಮುಚ್ಚಿದಳು. ಫೋಟೋ ಮುಗಿಯುವವರೆಗೂ ಅಲುಗಾಡದೆ ನಿಂತಿದ್ದು, ಮುಗಿದ ಮೇಲೆ ಒಳಗೆ ಹೋದವಳು ಮಧ್ಯಾಹ್ನದ ಊಟಕ್ಕೂ ಹೊರಗೆ ಬರಲಿಲ್ಲ.

ಅಡುಗೆಮನೆಯಲ್ಲಿ ಜಗಳ ಶುರುವಾಯಿತು. ಅತ್ತಿಗೆ ನನ್ನ ಹೆಂಡತಿಯನ್ನು ನೋಡದೆ, ಪಾತ್ರೆಗೆ ಹೇಳುವಂತೆ ಹೇಳಿದರು: “ಲಕ್ಷಗಟ್ಲೆ ಫೀಸು ಕಟ್ಟೋ ಇಸ್ಕೂಲಲ್ಲಿ ಇದನ್ನೇ ಕಲಿಸ್ತಾರೇನೋ.”

ಹೆಂಡತಿ ಮೆತ್ತಗೆ ಹೇಳಿದಳು: “ಅಕ್ಕಾ, ಮಗು ಅದು. ಬೇಕು ಅಂತ ಅಂದಿದ್ದಲ್ಲ.”

“ನನ್ನ ಮಗಳೂ ಮಗುನೇ.”

ಈ ಮಾತಿಗೆ ನಮ್ಮ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಉತ್ತರ ಇಲ್ಲದಾಗ ಗಂಡಸರು ಮಾಡುವುದನ್ನೇ ನಾನೂ ಮಾಡಿದೆ, ಎಲ್ಲರಿಗೂ ಕಾಣುವಂತೆ ಏನಾದರೂ ಮಾಡಬೇಕು ಅಂತ ಎದ್ದೆ. ಮಗನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಅಕ್ಕನ ಮುಂದೆ ನಿಲ್ಲಿಸಿ, ಬಾಗಿಲಲ್ಲಿ ಅರ್ಧ ಮನೆಯೇ ಇಣುಕುತ್ತಿರುವಾಗ, “ಸಾರಿ ಹೇಳು” ಅಂತ ಗದರಿದೆ. ಅವನು ಅಳುತ್ತಾ ಹೇಳಿದ: “ನಾನೇನು ಸುಳ್ಳು ಹೇಳಿದ್ನಾ?”

ಅಣ್ಣ ಬಂದು ಅವನನ್ನು ಎತ್ತಿಕೊಂಡ. “ಬಿಡಲೇ, ಮಗೂಗ್ಯಾಕೆ ಬೈತೀಯ, ಅದಕ್ಕೇನು ಗೊತ್ತಾಗ್ತೈತೆ” ಅಂದ. ಹುಡುಗಿ ಗೋಡೆ ಕಡೆ ಮುಖ ತಿರುಗಿಸಿ ಕೂತಿದ್ದಳು. ಬೆಳಗ್ಗೆ ಹತ್ತು ಜನರ ಮುಂದೆ ಒಂದು ಸಲ ಆಗಿದ್ದ ಅವಳ ಹಲ್ಲಿನ ವಿಚಾರವನ್ನು ನಾನು ಮಧ್ಯಾಹ್ನ ಹದಿನೈದು ಜನರ ಮುಂದೆ ಎರಡನೇ ಸಲ ಮಾಡಿದ್ದೆ.

ಇದು ನನ್ನ ಮನೆಯ ಕತೆ. ಆದರೆ ಸ್ವಲ್ಪ ಅತ್ತಿತ್ತ ಬದಲಾಯಿಸಿದರೆ ಇದು ನಿಮ್ಮ ಅಪಾರ್ಟ್‌ಮೆಂಟಿನದೂ ಹೌದು. ಲಿಫ್ಟಿನಲ್ಲಿ “ಆಂಟಿ, ನಿಮ್ಮ ಹೊಟ್ಟೆಯಲ್ಲಿ ಪಾಪು ಇದೆಯಾ?” ಅಂತ ಕೇಳುವ ಮಗು, ಬರ್ತ್‌ಡೇ ಪಾರ್ಟಿಯಲ್ಲಿ ಇನ್ನೊಂದು ಮಗುವಿನ ತೊನ್ನಿನ ಕಲೆ ಮುಟ್ಟಿ “ಛೀ, ಇದು ಅಂಟುತ್ತಾ?” ಅನ್ನುವ ಮಗು. ಅಂದವರು ಐದು ನಿಮಿಷದಲ್ಲಿ ಮರೆತು ಆಡಲು ಹೋಗುತ್ತಾರೆ, ಅಪ್ಪ-ಅಮ್ಮಂದಿರು ಮಾತ್ರ ಆರು ತಿಂಗಳು ಮಾತು ಬಿಡುತ್ತಾರೆ. ಯಾರು ತಪ್ಪು? ಗೊತ್ತಿಲ್ಲದೆ ಆಡಿದ ಮಾತಿಗೆ ಯಾರಾದರೂ ಹೊಣೆಯಾಗಬೇಕಾ? ಆಗಬೇಕು ಅಂದರೆ ಯಾರು?

ಅವತ್ತು ಮಧ್ಯಾಹ್ನ ಊಟ ಸೇರದೆ ರೊಪ್ಪದ ಹತ್ತಿರ ಕೂತಿದ್ದಾಗ ನನಗೆ ಹಳೆಯ ಜಗಳಗಳು ನೆನಪಾದವು. ನಾನು ಚಿಕ್ಕವನಾಗಿದ್ದಾಗ ನಮ್ಮ ಹಟ್ಟಿಯ ಮುಕ್ಕಾಲು ಪಾಲು ಜಗಳ ಒಂದೇ ಕಾರಣಕ್ಕೆ: ಒಬ್ಬರ ಕುರಿ ಇನ್ನೊಬ್ಬರ ಹೊಲಕ್ಕೆ ನುಗ್ಗಿದ್ದು. ಆಗ ಕಾವಲ್ ಅಂದರೆ ಬಾಗಿಲಿಲ್ಲದ ಬಯಲು. ಅಮೃತಮಹಲ್ ದನಗಳಿಗೆ ಅಂತ ಅರಸರ ಕಾಲದಿಂದ ಬಿಟ್ಟಿದ್ದ ಹುಲ್ಲುಗಾವಲು, ಸುತ್ತಲ ಹಳ್ಳಿಗಳ ಕುರಿ-ದನಕ್ಕೂ ಅದೇ ಆಸರೆ. 2010ರ ಆಸುಪಾಸಿನಲ್ಲಿ ಚಳ್ಳಕೆರೆಯ ಕಾವಲುಗಳಲ್ಲಿ ಸುಮಾರು 10 ಸಾವಿರ ಎಕರೆ ಡಿಆರ್‌ಡಿಒ, ಐಐಎಸ್‌ಸಿ, ಇಸ್ರೋ, ಬಾರ್ಕ್ ಮುಂತಾದ ಸಂಸ್ಥೆಗಳಿಗೆ ಹೋಯಿತು. ಬಯಲಿಗೆ ಕಾಂಪೌಂಡ್ ಬಂತು. ಮೇಯುವ ಜಾಗ ಕಡಿಮೆಯಾದಷ್ಟೂ ಹೊಲದ ಜಗಳ ಹೆಚ್ಚಾಯಿತು ಅಂತ ಅಣ್ಣ ಈಗಲೂ ಹೇಳುತ್ತಾನೆ.

ಆ ಜಗಳಗಳಿಗೆ ಒಂದು ನಿಯಮ ಇತ್ತು. ಯಾರೂ ಬರೆದಿಟ್ಟದ್ದಲ್ಲ. ಕುರಿ ಶೇಂಗಾ ಮೇಯ್ದರೆ ಕುರಿಗೆ ಯಾರೂ ಬೈಯುತ್ತಿರಲಿಲ್ಲ. ಕುರಿಯ ಮನಸ್ಸಿನಲ್ಲಿ ದ್ವೇಷ ಇರಲಿಲ್ಲ ಅನ್ನೋದು ಎಲ್ಲರಿಗೂ ಗೊತ್ತು. ಆದರೆ ಮೇಯ್ದ ಸಾಲು ಮೇಯ್ದದ್ದೇ. ಹಾಗಾಗಿ ಕುರಿಯ ಯಜಮಾನ ಸಂಜೆಯೊಳಗೆ ಹೊಲದವನ ಮನೆಗೆ ಹೋಗಿ ನಿಲ್ಲಬೇಕು. “ನಮ್ಮವು ನುಗ್ಗಿದ್ವು ಕಣಪ್ಪ, ಎಷ್ಟು ಹೋಯ್ತು ನೋಡು” ಅನ್ನಬೇಕು. ಹಾಗೆ ಹೋಗಿ ನಿಂತರೆ ಹತ್ತರಲ್ಲಿ ಒಂಬತ್ತು ಸಲ ಹೊಲದವನೇ ಹೇಳುತ್ತಿದ್ದ: “ಹೋಗ್ಲಿ ಬಿಡು, ಕುರಿಗೇನು ಗೊತ್ತು.”

ಇದೇ ಮಾತನ್ನು ಕುರಿಯ ಯಜಮಾನ ಹೇಳಿದ ದಿನ ಬಡಿಗೆ ಮೇಲೇಳುತ್ತಿತ್ತು.

ಮಾತು ಒಂದೇ. ಹೊಲದವನ ಬಾಯಲ್ಲಿ ಅದು ದೊಡ್ಡತನ. ಕುರಿಯವನ ಬಾಯಲ್ಲಿ ಅದು ಜಾರಿಕೊಳ್ಳುವ ದಾರಿ. “ಮಗು, ಗೊತ್ತಾಗಲ್ಲ” ಅನ್ನೋದೂ ಹಾಗೇನೇ. ಅದನ್ನು ಹೇಳುವ ಹಕ್ಕು ನೋವು ತಿಂದವರದು. ಅಣ್ಣ ಹೇಳಿದಾಗ ನನ್ನ ಕಣ್ಣು ತುಂಬಿತು. ನಾವು ಹೇಳಿದಾಗ ಅತ್ತಿಗೆಯ ಮೈ ಉರಿಯಿತು. ನನ್ನ ಹೆಂಡತಿ ಸುಳ್ಳು ಹೇಳಿರಲಿಲ್ಲ, ಒರಟಾಗಿಯೂ ಹೇಳಿರಲಿಲ್ಲ. ಅವರು ಕೊಡಬೇಕಾಗಿದ್ದ ಕ್ಷಮೆಯನ್ನು ನಾವೇ ಕೈಹಾಕಿ ತೆಗೆದುಕೊಂಡುಬಿಟ್ಟಿದ್ದೆವು, ಅಷ್ಟೇ.

ಇಲ್ಲಿ ಎರಡು ಲೆಕ್ಕಗಳಿವೆ, ನಾವು ಯಾವಾಗಲೂ ಎರಡನ್ನೂ ಕಲಸಿಬಿಡುತ್ತೇವೆ ಅಂತ ನನಗನಿಸುತ್ತದೆ. ಒಂದು ತಪ್ಪಿನ ಲೆಕ್ಕ, ಇನ್ನೊಂದು ನಷ್ಟದ ಲೆಕ್ಕ. ತಪ್ಪಿನ ಲೆಕ್ಕದಲ್ಲಿ ನನ್ನ ಮಗನ ಬಾಕಿ ಸೊನ್ನೆ. ನಷ್ಟದ ಲೆಕ್ಕದಲ್ಲಿ ಆ ಹುಡುಗಿಗೆ ಬರಬೇಕಾದದ್ದು ಬಹಳ. ನೋವು ತಿಂದವರ ಅಪ್ಪ-ಅಮ್ಮ ಎರಡನೇ ಪುಸ್ತಕ ತೆರೆದು ತೋರಿಸುತ್ತಾರೆ. ಅಂದವರ ಅಪ್ಪ-ಅಮ್ಮ ಮೊದಲನೇ ಪುಸ್ತಕ ತೆರೆದು “ನೋಡಿ, ಏನೂ ಬಾಕಿ ಇಲ್ಲ” ಅನ್ನುತ್ತಾರೆ. ಇಬ್ಬರೂ ಸರಿ. ಅದಕ್ಕೇ ಜಗಳ ಮುಗಿಯುವುದಿಲ್ಲ.

ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ 1932ರಲ್ಲಿ ಮಕ್ಕಳ ನೀತಿಪ್ರಜ್ಞೆಯ ಬಗ್ಗೆ ಒಂದು ಪುಸ್ತಕ ತಂದ. ಅದರಲ್ಲಿ ಅವನು ಮಕ್ಕಳಿಗೆ ಎರಡು ಪುಟ್ಟ ಕತೆ ಹೇಳುತ್ತಾನೆ. ಒಬ್ಬ ಹುಡುಗ ಊಟಕ್ಕೆ ಕರೆದರೆಂದು ಬಾಗಿಲು ತಳ್ಳಿದ. ಹಿಂದೆ ಬಟ್ಟಲುಗಳಿದ್ದದ್ದು ಅವನಿಗೆ ಗೊತ್ತಿರಲಿಲ್ಲ, 15 ಒಡೆದವು. ಇನ್ನೊಬ್ಬ ಅಮ್ಮ ಇಲ್ಲದಾಗ ಜಾಮ್ ಕದಿಯಲು ಹೋಗಿ ಒಂದು ಬಟ್ಟಲು ಒಡೆದ. ಯಾರು ಹೆಚ್ಚು ತಪ್ಪಿತಸ್ಥ? ಚಿಕ್ಕ ಮಕ್ಕಳು ಸಾಮಾನ್ಯವಾಗಿ 15 ಒಡೆದವನತ್ತ ಬೆರಳು ತೋರಿಸಿದರು. ಬೆಳೆಯುತ್ತಾ ಮಕ್ಕಳು ಉದ್ದೇಶವನ್ನು ನೋಡಲು ಕಲಿಯುತ್ತಾರೆ ಅನ್ನೋದು ಪಿಯಾಜೆಯ ವಾದ.

ನಾನು ಬೆಳೆದಿದ್ದೇನಾ? ಎರಡು ವರ್ಷದ ಹಿಂದೆ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿನಲ್ಲಿ ಒಂದು ಹುಡುಗಿ, ನಾಲ್ಕು-ಐದು ವರ್ಷ ಇರಬಹುದು, ನನ್ನ ಮಗನಿಗೆ “ನೀನು ಯಾಕೆ ಇಷ್ಟು ಕಪ್ಪು? ಸೋಪ್ ಹಾಕ್ಕೊಳಲ್ವಾ?” ಅಂದಿತ್ತು. ಅವತ್ತು ರಾತ್ರಿ ನಾನು ಅದರ ಅಪ್ಪನಿಗೆ ಇಷ್ಟುದ್ದದ ಮೆಸೇಜ್ ಬರೆದೆ. ಆ ಮನೆಯಲ್ಲಿ ಎಂಥ ಮಾತುಗಳನ್ನು ಆಡುತ್ತಿರಬಹುದು ಅಂತ ಊಹೆ ಮಾಡಿ ಬರೆದೆ. ಆ ಅಪ್ಪ ಪಾಪ “ಸಾರ್, ಮಗು ಸಾರ್” ಅಂದರೆ ಇನ್ನೂ ಸಿಟ್ಟು ಬಂತು. ಈಗ ನೋಡಿದರೆ ಆ ಮಗುವಿನ ಮಾತಿಗೂ ನನ್ನ ಮಗನ ಮಾತಿಗೂ ವ್ಯತ್ಯಾಸವೇ ಇಲ್ಲ. ಒಂದು ಕಡೆ ಸೋಪು, ಒಂದು ಕಡೆ ಬ್ರಷ್ಷು. ಅವರ ಮಗುವಿನ ವಿಚಾರಕ್ಕೆ ನಾನು ಬಟ್ಟಲು ಎಣಿಸಿದೆ. ನನ್ನ ಮಗನ ವಿಚಾರಕ್ಕೆ ಉದ್ದೇಶ ನೋಡಿ ಅಂದೆ. ಪಿಯಾಜೆ ನನ್ನಂಥ ಅಪ್ಪಂದಿರನ್ನು ಕೂರಿಸಿಕೊಂಡು ಕತೆ ಹೇಳಿದ್ದರೆ ಅವನ ಪುಸ್ತಕ ಬೇರೆ ಥರ ಆಗುತ್ತಿತ್ತೋ ಏನೋ.

ಈಗ ಮಗ ಕೇಳಿದ ಪ್ರಶ್ನೆಗೆ ಬರೋಣ. “ನಾನೇನು ಸುಳ್ಳು ಹೇಳಿದ್ನಾ?” ಮಕ್ಕಳಿಗೆ ನಿಜ ಹೇಳಬೇಕು ಅಂತ ಕಲಿಸುವವರು ನಾವೇ. ಕಂಡದ್ದನ್ನು ಹೇಳಿದರೆ ರಟ್ಟೆ ಹಿಡಿದು ಎಳೆಯುವವರೂ ನಾವೇ. ಆ ಹುಡುಗಿಯ ಹಲ್ಲು ಕಂದು ಬಣ್ಣಕ್ಕಿರುವುದು ನಿಜ. ಹಾಗಾದರೆ ಅವನು ಹೇಳಿದ್ದರಲ್ಲಿ ಏನು ಕೆಟ್ಟದ್ದು?

ಬಿಡಿಸಿ ನೋಡಿದರೆ ಅವನು ಎರಡು ಮಾತು ಹೇಳಿದ್ದ. ಕಂದು ಬಣ್ಣ ಅವನ ಕಣ್ಣಿಗೆ ಕಂಡದ್ದು. ‘ಉಜ್ಜಲ್ಲ, ಗಲೀಜು’ ಅನ್ನೋದು ಕಣ್ಣಿಗೆ ಕಂಡದ್ದಲ್ಲ, ಅದು ತೀರ್ಪು. ಮತ್ತು ಅದು ಶುದ್ಧ ಸುಳ್ಳು. ನಮ್ಮ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಚಳ್ಳಕೆರೆ, ಮೊಳಕಾಲ್ಮೂರು, ಆ ಕಡೆ ಪಾವಗಡ, ಎಲ್ಲ ಕಡೆಯೂ ಇದು ಹಳೆಯ ಕತೆ. ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ ಹೆಚ್ಚೆಂದರೆ 1.5 ಮಿಲಿಗ್ರಾಂ ಇರಬಹುದು ಅನ್ನುತ್ತದೆ ಸರ್ಕಾರದ ಮಾನದಂಡ. ಅದಕ್ಕಿಂತ ಜಾಸ್ತಿ ಇರುವ ನೀರನ್ನು ಚಿಕ್ಕ ವಯಸ್ಸಿನಲ್ಲಿ, ಅಂದರೆ ಶಾಶ್ವತ ಹಲ್ಲುಗಳು ಇನ್ನೂ ಒಸಡಿನೊಳಗೆ ರೂಪುಗೊಳ್ಳುತ್ತಿರುವ ಸುಮಾರು 8 ವರ್ಷದೊಳಗೆ, ಕುಡಿಯುತ್ತಾ ಬಂದರೆ ಎನಾಮೆಲ್ ಕೆಡುತ್ತದೆ. ಮೊದಲು ಬಿಳಿ ಗೆರೆ, ಜಾಸ್ತಿಯಾದರೆ ಹಳದಿ, ಕಂದು. ಕಲೆ ಕೂತಿರುವುದು ಹಲ್ಲಿನ ಮೈಯಲ್ಲೇ, ಮೇಲೆ ಮೆತ್ತಿಕೊಂಡದ್ದಲ್ಲ. ದಿನಕ್ಕೆ ಹತ್ತು ಸಲ ಉಜ್ಜಿದರೂ ಹೋಗುವುದಿಲ್ಲ.

ಇದನ್ನು ಜಗತ್ತು ಕಂಡುಕೊಂಡದ್ದೂ ಒಂದು ತಪ್ಪು ತೀರ್ಪನ್ನು ದಾಟಿಯೇ. 1901ರಲ್ಲಿ ಫ್ರೆಡರಿಕ್ ಮೆಕ್‌ಕೇ ಎಂಬ ಎಳೆಯ ದಂತವೈದ್ಯ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ಗೆ ಬಂದ. ಊರಿನ ಮಕ್ಕಳ ಹಲ್ಲುಗಳೆಲ್ಲ ಕಂದು. ಹಂದಿ ಮಾಂಸ ಜಾಸ್ತಿ ತಿನ್ನುವುದಕ್ಕೆ, ಒಳ್ಳೆಯ ಹಾಲು ಸಿಗದಿರುವುದಕ್ಕೆ ಹೀಗಾಗಿದೆ ಅಂತ ಜನ ಹೇಳುತ್ತಿದ್ದರು. ಮೆಕ್‌ಕೇ ನೀರಿನ ಮೇಲೆ ಸಂಶಯಪಟ್ಟು ವರ್ಷಗಟ್ಟಲೆ ಬೆನ್ನುಹತ್ತಿದ. ನೀರಿನಲ್ಲಿರುವ ಫ್ಲೋರೈಡೇ ಕಾರಣ ಅಂತ ಖಚಿತವಾಗಿದ್ದು 1931ರಲ್ಲಿ. ನಡುವೆ ಅವನಿಗೆ ಒಂದು ವಿಚಿತ್ರ ಕಂಡಿತ್ತು: ಆ ಕಲೆಯ ಹಲ್ಲುಗಳಿಗೆ ಹುಳುಕು ಕಡಿಮೆ. ನೋಡಲು ‘ಗಲೀಜು’, ಆದರೆ ಎಷ್ಟೋ ಬಿಳಿ ಹಲ್ಲಿಗಿಂತ ಗಟ್ಟಿ. ನಮ್ಮ ದೇಶದಲ್ಲಿ ಫ್ಲೋರೈಡಿನ ಕಾಯಿಲೆ ಮೊದಲು ವರದಿಯಾಗಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ. ಅಲ್ಲಿಂದ ಇಲ್ಲಿಯವರೆಗೆ ಎಷ್ಟು ತಲೆಮಾರಿನ ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದಾರೋ.

ಈಗ ಹಟ್ಟಿಯಲ್ಲಿ ಶುದ್ಧ ನೀರಿನ ಘಟಕ ಇದೆ. ಐದು ರೂಪಾಯಿ ಕಾಯಿನ್ ಹಾಕಿದರೆ ಒಂದು ಕ್ಯಾನ್ ತುಂಬುತ್ತದೆ. ಕೆಟ್ಟು ನಿಂತಾಗ ಮತ್ತೆ ಬೋರ್ ನೀರೇ. ಅಣ್ಣನ ಮಗಳ ಬಾಲ್ಯ ಹೀಗೆ ಎರಡು ನೀರಿನ ನಡುವೆ ಕಳೆಯಿತು.

ಇದೆಲ್ಲ ನನಗೆ ಹೇಗೆ ಇಷ್ಟು ಚೆನ್ನಾಗಿ ಗೊತ್ತು?

ಯಾಕೆಂದರೆ ನನ್ನ ಹಲ್ಲೂ ಹಾಗೇ ಇದ್ದವು. ಊರಿನಲ್ಲಿದ್ದಷ್ಟು ದಿನ ಅದು ನನ್ನ ಗಮನಕ್ಕೇ ಬಂದಿರಲಿಲ್ಲ. ಎಲ್ಲರ ಹಲ್ಲೂ ಹಾಗೇ ಇರುವಾಗ ಅದು ಬರೀ ಹಲ್ಲಿನ ಬಣ್ಣ. ಇಂಜಿನಿಯರಿಂಗ್ ಹಾಸ್ಟೆಲ್ಲಿಗೆ ಬಂದ ಮೊದಲ ವಾರ ಒಬ್ಬ ಗೆಳೆಯ ತುಂಬ ಪ್ರೀತಿಯಿಂದಲೇ “ಗುಟ್ಕಾ ಬಿಡೋ ಮಾರಾಯ” ಅಂದ. ನಾನು ಜನ್ಮದಲ್ಲಿ ಗುಟ್ಕಾ ಮುಟ್ಟಿದವನಲ್ಲ. ಅಲ್ಲಿಂದ ನಾಲ್ಕು ವರ್ಷದ ಒಂದೇ ಒಂದು ಫೋಟೋದಲ್ಲೂ ನಾನು ಬಾಯಿ ತೆರೆದಿಲ್ಲ. ಕೆಲಸ ಸಿಕ್ಕಮೇಲೆ ಎರಡು ತಿಂಗಳ ಸಂಬಳ ಸುರಿದು ಮುಂದಿನ ಹಲ್ಲುಗಳಿಗೆ ವೆನೀರ್ ಹಾಕಿಸಿಕೊಂಡೆ. ಮದುವೆಯ ಆಲ್ಬಮ್ಮಿನಲ್ಲಿ ಜಾಹೀರಾತಿನ ಹುಡುಗನ ಹಾಗೆ ನಕ್ಕಿದ್ದೇನೆ.

“ನಮ್ಮ ಕಾಲದಲ್ಲಿ ಕರಿಯ, ಕುಂಟ, ಡುಮ್ಮ ಅಂತಲೇ ಕರೀತಿದ್ರು, ನಾವೇನು ಸತ್ತುಹೋದ್ವಾ? ಈಗಿನೋರು ತುಂಬ ಸೂಕ್ಷ್ಮ” ಅನ್ನುವವರು ಬೇಕಾದಷ್ಟು ಜನ ಇದ್ದಾರೆ. ಅವರ ಮಾತಿನಲ್ಲಿ ಒಂದಿಷ್ಟು ಹುರುಳಿದೆ. ಪ್ರತಿ ಮಾತಿಗೂ ಮೀಟಿಂಗ್ ಕರೆಯುವ ಅಪ್ಪ-ಅಮ್ಮಂದಿರ ನಡುವೆ ಮಕ್ಕಳು ಉಸಿರಾಡುವುದು ಕಷ್ಟ. ಆದರೆ ನಾನು ಸಾಯಲಿಲ್ಲ ಅನ್ನುವುದು ನಿಜವಾದರೂ, ನಾನು ಗಟ್ಟಿಯಾದೆ ಅನ್ನುವುದು ಸುಳ್ಳು. ಎರಡು ತಿಂಗಳ ಸಂಬಳದ ರಸೀದಿ ಇದೆ.

ನನ್ನ ಮಗನಿಗೆ ಇದು ಯಾವುದೂ ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ. ಹೇಳದೆ ಇದ್ದದ್ದು ಮಾತ್ರ ಅಲ್ಲ. ದಿನಾ ರಾತ್ರಿ ಅವನು ಬ್ರಷ್ ಮಾಡಲು ಹಟ ಮಾಡಿದಾಗ ನಾನೇ ಹೇಳುತ್ತಿದ್ದೆ: “ಉಜ್ಜದಿದ್ರೆ ಹಲ್ಲು ಕಂದು ಬಣ್ಣಕ್ಕೆ ತಿರುಗಿ ಗಲೀಜಾಗುತ್ತೆ ನೋಡು.” ಫೋಟೋ ಹೊತ್ತಿನಲ್ಲಿ ಅವನ ಬಾಯಿಂದ ಬಂದದ್ದು ನನ್ನದೇ ಮಾತು, ಒಂದಕ್ಷರ ಬದಲಾಗದೆ.

ಮಗುವಿನ ಮುಗ್ಧತೆಗೂ ಅಪ್ಪ-ಅಮ್ಮನ ಮುಗ್ಧತೆಗೂ ಸಂಬಂಧವಿಲ್ಲ. ಪಾರ್ಕಿನ ಆ ಹುಡುಗಿಗೆ ‘ಕಪ್ಪು’ ಅಂದರೆ ‘ತೊಳೆಯಬೇಕಾದ್ದು’ ಅಂತ ಯಾರೋ ಹೇಳಿಕೊಟ್ಟಿರಬೇಕು. ಮನೆಯವರೇ ಆಗಬೇಕೆಂದಿಲ್ಲ. 1975ರಿಂದ ಈ ದೇಶದಲ್ಲಿ ಮಾರುತ್ತಿದ್ದ ಒಂದು ಕ್ರೀಮಿನ ಹೆಸರಿನಿಂದ ‘ಫೇರ್’ ಅನ್ನುವ ಪದ ತೆಗೆಯಲು 2020ರವರೆಗೆ ಕಾಯಬೇಕಾಯಿತು. ಮಕ್ಕಳು ಗಾಳಿಯಿಂದ ಹೆಕ್ಕುತ್ತಾರೆ. ಆದರೆ ಹೆಕ್ಕಿದ್ದನ್ನು ಬಿಡಿಸಿ ನೋಡಿ, ಇದು ಕಂಡದ್ದು, ಇದು ತೀರ್ಪು ಅಂತ ತೋರಿಸುವ ಕೆಲಸ ನಮ್ಮದು. “ಶ್! ಹಾಗೆಲ್ಲ ಅನ್ನಬಾರದು” ಅಂದರೆ ಆ ಕೆಲಸ ಆಗುವುದಿಲ್ಲ. ಹಾಗೆ ಬಾಯಿ ಮುಚ್ಚಿಸಿದಾಗ ಮಗುವಿಗೆ ಅರ್ಥವಾಗುವುದು ಒಂದೇ: ಅಕ್ಕನ ಹಲ್ಲಿನಲ್ಲಿ ಬಾಯಿಬಿಟ್ಟು ಹೇಳಬಾರದಂಥ ಕೆಟ್ಟದ್ದೇನೋ ಇದೆ.

ಅಷ್ಟಾವಕ್ರನ ಕತೆ ನಿಮಗೆ ಗೊತ್ತಿರುತ್ತದೆ. ಎಂಟು ಕಡೆ ಡೊಂಕಾದ ಮೈ ಹೊತ್ತು ಜನಕನ ಸಭೆಗೆ ಬಂದಾಗ ಪಂಡಿತರೆಲ್ಲ ನಕ್ಕರು. ಅವನು ತಿರುಗಿ ನಕ್ಕು, ಇವರು ಚರ್ಮವನ್ನಷ್ಟೇ ನೋಡುವವರು, ಚರ್ಮದ ಕೆಲಸದವರು ಅಂದ ಅಂತ ಕತೆ. ನಾನು ಚಿಕ್ಕಂದಿನಲ್ಲಿ ಇದನ್ನು ಚಪ್ಪಾಳೆ ಹೊಡೆದು ಕೇಳಿದ್ದೆ. ಈಗ ಎರಡು ವಿಷಯ ಚುಚ್ಚುತ್ತವೆ. ಒಂದು, ಆ ಸಭೆಯಲ್ಲಿ ನಕ್ಕವರು ಮಕ್ಕಳಲ್ಲ, ದೊಡ್ಡವರು. ನಮ್ಮ ಅಂಗಳದಲ್ಲೂ ಹಾಗೇ ಆಯಿತು. ಮಗನ ಪ್ರಶ್ನೆ ಅಲ್ಲಿಗೇ ಬಿದ್ದುಹೋಗಬಹುದಿತ್ತು. ಮಾವನ ನಗು ಅದಕ್ಕೆ ಮೊಹರು ಒತ್ತಿತು. ಎರಡು, ಅಷ್ಟಾವಕ್ರ ತನ್ನ ಮೈಯನ್ನು ಉಳಿಸಿಕೊಳ್ಳಲು ಬೀಸಿದ ಕಲ್ಲು ಇನ್ನಾರಿಗೋ ಬಿತ್ತು. ಚರ್ಮದ ಕೆಲಸ ಮಾಡುವವರು ಅವನಿಗೇನು ಮಾಡಿದ್ದರು? ಅಪ್ಪ-ಅಮ್ಮಂದಿರ ಜಗಳದಲ್ಲಿ ನೊಂದವರು ಜಾರುವುದು ಇಲ್ಲೇ. ಅತ್ತಿಗೆಯ ತಂಗಿ ಅವತ್ತು ಮಧ್ಯಾಹ್ನ “ಇವನೇನು ಕಮ್ಮಿ, ಸಣಕಲ ಕಡ್ಡಿ, ಗಾಳಿಗೆ ಹಾರೋ ಹಂಗವನೆ” ಅಂದರು. ಮಗ ಕೇಳಿಸಿಕೊಂಡ. ರಾತ್ರಿ “ನಾನು ಕಡ್ಡಿನಾ?” ಅಂತ ಕೇಳಿದ.

ಸಂಜೆ ಚಂದ್ರನನ್ನು ನೋಡಲು ಎಲ್ಲರೂ ಹೊರಗೆ ಬರುವ ಮುಂಚೆ, ನಾನು ಮಗನನ್ನು ಕರೆದುಕೊಂಡು ಅಟ್ಟದ ಮೇಲಿನ ಟ್ರಂಕ್ ತೆಗೆದೆ. ಹತ್ತನೇ ಕ್ಲಾಸಿನ ಗ್ರೂಪ್ ಫೋಟೋ ಸಿಕ್ಕಿತು. “ಇದರಲ್ಲಿ ಅಪ್ಪ ಯಾರು ಹೇಳು” ಅಂದೆ. ಹುಡುಕಿದ. ನಗುತ್ತಿರುವ ಹುಡುಗನ ಮೇಲೆ ಬೆರಳಿಟ್ಟ. ಸ್ವಲ್ಪ ಹೊತ್ತು ಬಿಟ್ಟು, “ಅಪ್ಪ, ನೀನೂ ಉಜ್ಜುತ್ತಿರಲಿಲ್ವಾ?”

ಹೇಳಿದೆ. ನೀರಿನ ವಿಷಯ, ಹಲ್ಲು ಒಳಗೇ ಬಣ್ಣ ಹಿಡಿಯುವ ವಿಷಯ. ಅಕ್ಕ ನಿನಗಿಂತ ಚೆನ್ನಾಗಿ ಉಜ್ಜುತ್ತಾಳೆ ಅಂದೆ. ದಿನಾ ರಾತ್ರಿ ನಾನು ಹೇಳುತ್ತಿದ್ದದ್ದು ತಪ್ಪು ಅಂತಲೂ ಹೇಳಿದೆ. ಅವನು ನನ್ನ ಬಾಯನ್ನೇ ನೋಡುತ್ತಿದ್ದ.

“ಮತ್ತೆ ನಿನ್ನ ಹಲ್ಲು ಯಾಕೆ ಬೆಳ್ಳಗಿದೆ?”

“ಡಾಕ್ಟರ ಹತ್ರ ಮೇಲೆ ಮುಚ್ಚಿಸ್ಕೊಂಡೆ.”

“ಗಲೀಜಲ್ಲ ಅಂದ್ರೆ ಯಾಕೆ ಮುಚ್ಚಿಸ್ಕೊಂಡೆ?”

ನಾನು ಈ ಬರಹ ಶುರು ಮಾಡಿದ್ದೇ ಈ ಪ್ರಶ್ನೆಯ ದೆಸೆಯಿಂದ. ಮಗುವಿಗೆ ‘ರೂಪ ಮುಖ್ಯ ಅಲ್ಲ’ ಅಂತ ಪಾಠ ಹೇಳುವ ನಾವು, ಆ ಪಾಠ ನಂಬದೆ ಬದುಕಿದವರು. ಫೋಟೋಗೆ ಫಿಲ್ಟರ್ ಹಾಕುವವರು, ಕೂದಲು ಕಪ್ಪು ಮಾಡಿಕೊಳ್ಳುವವರು, ಕನ್ನಡಿ ಮುಂದೆ ಹೊಟ್ಟೆ ಒಳಗೆಳೆದುಕೊಂಡು ನಿಟ್ಟುಸಿರು ಬಿಡುವವರು. ಮಗು ಇದೆಲ್ಲವನ್ನೂ ನೋಡುತ್ತಿರುತ್ತದೆ. ಅವನಿಗೆ ಕೊಡಲು ನನ್ನ ಹತ್ತಿರ ಚೆಂದದ ಉತ್ತರ ಇರಲಿಲ್ಲ. “ಜನ ಏನೋ ಅಂದ್ರು. ನನಗೆ ನಾಚಿಕೆ ಆಯ್ತು” ಅಂದೆ.

“ಅಕ್ಕನಿಗೂ ನಾಚಿಕೆ ಆಯ್ತಾ?”

“ಹೂಂ.”

ಅವನು ಆಮೇಲೆ ಏನೂ ಕೇಳಲಿಲ್ಲ. ಸಾರಿ ಹೇಳು ಅಂತ ನಾನೂ ಹೇಳಲಿಲ್ಲ.

ಚಂದ್ರ ಕಂಡ. ನಮ್ಮ ಕಡೆ ಚಂದ್ರನನ್ನು ನೋಡಿದ ಮೇಲೆ ಚಿಕ್ಕವರು ಹಿರಿಯರ ಕಾಲಿಗೆ ನಮಸ್ಕಾರ ಮಾಡುತ್ತಾರೆ. ಅವ್ವನಿಗೆ ಮಾಡಿ, ಅಣ್ಣ-ಅತ್ತಿಗೆಗೆ ಮಾಡಿ ಎದ್ದಾಗ ಹೇಳಿದೆ: “ಅತ್ತಿಗೆ, ಬೆಳಗ್ಗೆ ಆಗಿದ್ದಕ್ಕೆ ನಾನು ತಪ್ಪಾಯ್ತು ಅಂತೀನಿ. ಅವನ ಪರವಾಗಿ ಅಲ್ಲ, ನಂದೇ ತಪ್ಪು. ಅವನಿಗೆ ಹೇಳಿಕೊಟ್ಟಿದ್ದು ನಾನು.”

ಕತೆಯಾಗಿದ್ದರೆ ಅತ್ತಿಗೆ ಕಣ್ಣೀರು ಒರೆಸಿಕೊಂಡು ತಲೆ ಸವರಬೇಕಿತ್ತು. ಅವರು ಸುಮ್ಮನೆ ನನ್ನ ಬಾಯಿಯ ಕಡೆ ನೋಡಿದರು. “ನೀನು ದುಡ್ಡಿತ್ತು, ಮಾಡಿಸ್ಕೊಂಡೆ ಕಣಪ್ಪ. ಅವಳೇನು ಮಾಡ್ಬೇಕು?” ಅಂದರು. ನಾನು ಖರ್ಚು ಕೊಡುತ್ತೇನೆ ಅನ್ನಲು ಬಾಯಿ ತೆರೆದು ಮುಚ್ಚಿದೆ. ಹಾಗೆ ಅಂದರೆ ‘ಹೌದು, ಅವಳ ಹಲ್ಲು ಕೆಟ್ಟದಾಗಿದೆ’ ಅಂತ ನಾನೇ ಮೂರನೇ ಸಲ ಹೇಳಿದಂತೆ. ಅನ್ನದೇ ಇದ್ದರೆ, ನನಗೆ ಸಿಕ್ಕಿದ್ದನ್ನು ಅವಳಿಗೆ ಸಿಗಬೇಕಿಲ್ಲ ಅಂದಂತೆ. ಇವತ್ತಿಗೂ ಇದರಲ್ಲಿ ಯಾವುದು ಸರಿ ಅಂತ ನನಗೆ ತಿಳಿದಿಲ್ಲ. ದೊಡ್ಡವಳಾದ ಮೇಲೆ ಅವಳೇ ಕೇಳಿದರೆ ಕೊಡುತ್ತೇನೆ, ಕೇಳುವವರೆಗೆ ಮಾತೆತ್ತುವುದಿಲ್ಲ ಅಂತ ಸದ್ಯಕ್ಕೆ ತೀರ್ಮಾನಿಸಿದ್ದೇನೆ.

ಇಷ್ಟರಿಂದ ನಾನು ಕಲಿತದ್ದು ದೊಡ್ಡ ತತ್ವವೇನಲ್ಲ. ಇಂಥ ಮಾತು ಬಿದ್ದ ಕೂಡಲೇ ನಮ್ಮ ಮಗುವಿನ ಕಡೆ ಓಡಬಾರದು, ನೊಂದ ಮಗುವಿನ ಕಡೆ ಮೊದಲು ಹೋಗಬೇಕು, ಅದೂ ಸದ್ದಿಲ್ಲದೆ. ಎಲ್ಲರ ಮುಂದೆ ಸಾರಿ ಹೇಳಿಸುವುದು ನಮ್ಮ ಮರ್ಯಾದೆಗಾಗಿ, ಆ ಮಗುವಿಗಾಗಿ ಅಲ್ಲ. “ಮಗು ಅಲ್ವಾ” ಅನ್ನುವುದನ್ನು ಅವರೇ ಹೇಳುವವರೆಗೆ ಕಾಯಬೇಕು. ಅವರು ಹೇಳದಿದ್ದರೂ ಸುಮ್ಮನಿರಬೇಕು. ಇನ್ನು ನಾವೇ ನೊಂದ ಕಡೆ ಇದ್ದರೆ, ಮಾತಾಡಬೇಕಾದದ್ದು ಅಪ್ಪ-ಅಮ್ಮನ ಹತ್ತಿರ, ಮಗುವಿನ ಹತ್ತಿರ ಅಲ್ಲ. ಆಗಿದ್ದನ್ನು ಹೇಳಬೇಕು, ಅವರ ಮನೆಯ ಸಂಸ್ಕಾರವನ್ನು ಊಹಿಸಿ ಹೇಳಬಾರದು. ಪಾರ್ಕಿನ ಆ ಅಪ್ಪನಿಗೆ ಊರಿಂದ ವಾಪಸ್ ಬಂದ ವಾರ ಸಿಕ್ಕಿ ಇದನ್ನೇ ಹೇಳಿದೆ. ಅವರಿಗೆ ನನ್ನ ಮೆಸೇಜ್ ಒಂದೊಂದು ಸಾಲೂ ನೆನಪಿತ್ತು.

ಕುರಿಯ ಹೋಲಿಕೆ ಒಂದು ಕಡೆ ಸೋಲುತ್ತದೆ, ಅದನ್ನೂ ಹೇಳಿಬಿಡಬೇಕು. ಮೇಯ್ದ ಶೇಂಗಾಕ್ಕೆ ಬೆಲೆ ಕಟ್ಟಬಹುದು, ಮುಂದಿನ ಮುಂಗಾರಿಗೆ ಅದೇ ಸಾಲಿನಲ್ಲಿ ಮತ್ತೆ ಬಿತ್ತಬಹುದು. ಹುಡುಗಿಯ ನಗುವಿಗೆ ಅಂಥ ಲೆಕ್ಕ ಇಲ್ಲ.

ಮಕ್ಕಳಿಬ್ಬರೂ ನಮಗಿಂತ ಬೇಗ ರಾಜಿಯಾದರು. ಮಾರನೇ ದಿನ ನಾವು ಹೊರಡುವ ಹೊತ್ತಿಗೆ ರೊಪ್ಪದ ಬೇಲಿ ಮೇಲೆ ಕೂತು ಅವಳು ಇವನಿಗೆ “ನಿಂಗೆ ಮುಂದಿನ ಎರಡು ಹಲ್ಲೇ ಇಲ್ಲ, ನನ್ನದು ಕೇಳೋಕೆ ಬಂದ್ಯಾ” ಅನ್ನುತ್ತಿದ್ದಳು. ಅವನು ಬಿದ್ದುಹೋದ ಹಲ್ಲಿನ ಸಂದಿಯಿಂದ ನಾಲಿಗೆ ಹೊರಹಾಕಿ ತೋರಿಸುತ್ತಿದ್ದ. ಇಬ್ಬರೂ ನಗುತ್ತಿದ್ದರು. ನಾನು ಫೋನ್ ಹೊರತೆಗೆದೆ. ನನ್ನ ಕೈಯಲ್ಲಿ ಫೋನ್ ನೋಡಿದ್ದೇ ಅವಳು ಬಾಯಿ ಮುಚ್ಚಿದಳು.

ಫೋನನ್ನು ಜೇಬಿಗೆ ಹಾಕಿಕೊಂಡೆ. ಕಾರು ಕಾವಲಿನ ಕಾಂಪೌಂಡ್ ಪಕ್ಕ ಸಾಗುವಾಗ ಹಿಂದಿನ ಸೀಟಿನಿಂದ ಮಗ ಕೇಳಿದ: “ಅಪ್ಪ, ನಾನು ಅಕ್ಕನ ಥರ ಇಲ್ಲೇ ಇದ್ದಿದ್ರೆ ನನ್ನ ಹಲ್ಲೂ ಹಾಗೇ ಆಗ್ತಿತ್ತಾ?”

“ಹೂಂ” ಅಂದೆ. “ನನ್ನದೂ ಒಳಗೆ ಈಗಲೂ ಹಾಗೇ ಇದೆ.”